ನೋಟ್‌ಬುಕ್ಕಿನಲ್ಲಿ ಕಾಣದ ಕಲಿಕೆ

ಎಲ್‌ಕೆಜಿಗೆ ಹೋಗುವ ಮಗು ದಿನವಿಡೀ ಏನು ಕಲಿಯಿತು ಎಂಬುದು ಮನೆಯವರಿಗೆ ಗೊತ್ತಾಗುವುದು ಹೇಗೆ? ಮಗುವನ್ನೇ ಕೇಳಿದರೆ ‘ಊಟ ಮಾಡ್ದೆ’ ಎನ್ನುತ್ತದೆ, ಇಲ್ಲವೇ ಪಕ್ಕದವನು ಪೆನ್ಸಿಲ್ ಕಿತ್ತುಕೊಂಡ ಕಥೆ ಹೇಳುತ್ತದೆ. ಹಾಗಾಗಿ ಅಪ್ಪ–ಅಮ್ಮ ಬ್ಯಾಗು ತೆರೆದು ನೋಟ್‌ಬುಕ್ ನೋಡುತ್ತಾರೆ. ಪುಟದ ತುಂಬ ನಿಂತ ಗೆರೆ, ಮಲಗಿದ ಗೆರೆ, ಮುಂದೆ ಎ ಬಿ ಸಿ ಡಿ, ಒಂದರಿಂದ ಐವತ್ತು, ಕೆಳಗೆ ಮಿಸ್ ಹಾಕಿದ ನಕ್ಷತ್ರ. ಕಟ್ಟಿದ ಫೀಸಿಗೆ ರಸೀದಿ ಕೈಗೆ ಬಂದಷ್ಟು ಸಮಾಧಾನ. ಪುಟ ಖಾಲಿ ಇದ್ದರೆ ಮಾತ್ರ ಕಳವಳ: ‘ಇವರು ಏನೂ ಹೇಳಿಕೊಡುತ್ತಿಲ್ಲವಲ್ಲ!’ ಈ ಕಳವಳ ಶಾಲೆಗಳಿಗೂ ಚೆನ್ನಾಗಿ ಗೊತ್ತು. ಆದ್ದರಿಂದಲೇ ಮೂರೂವರೆ ವರ್ಷದ ಕೈಗಳು ಇಷ್ಟೊಂದು ಬರೆಯುತ್ತಿವೆ.

ನಮ್ಮ ಶಾಲಾ ಆಯ್ಕೆಯ ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದ. ಮೂರರಿಂದ ಎಂಟು ವರ್ಷದೊಳಗೆ ಮಗು ಕಲಿಯುವ ಮುಖ್ಯ ಸಂಗತಿಗಳು ಕಣ್ಣಿಗೆ ಬೀಳುವಂಥವಲ್ಲ. ಕಣ್ಣಿಗೆ ಬೀಳುವ ಸಂಗತಿಗಳು ಆ ವಯಸ್ಸಿಗೆ ಅಷ್ಟು ಮುಖ್ಯವಲ್ಲ. ದುಡ್ಡು ಕೊಡುವವರು ಮಾತ್ರ ಕಾಣುವುದಕ್ಕೇ ಬೆಲೆ ಕಟ್ಟುತ್ತಾರೆ: ಯಾವ ಬೋರ್ಡು, ಯಾವ ಮಾಧ್ಯಮ, ಎಷ್ಟು ಎಕರೆ ಆವರಣ, ಸ್ಮಾರ್ಟ್ ಬೋರ್ಡ್ ಇದೆಯೇ, ಯುಕೆಜಿ ಮುಗಿಯುವಷ್ಟರಲ್ಲಿ ಓದಲು ಬರುತ್ತದೆಯೇ. ಪಾಲಕರು ಅವಿವೇಕಿಗಳೆಂದು ಇದರ ಅರ್ಥವಲ್ಲ. ಕಾಣದ್ದನ್ನು ಅಳೆಯುವ ಕೋಲು ಅವರ ಕೈಗೆ ಯಾರೂ ಕೊಟ್ಟಿಲ್ಲ, ಅಷ್ಟೇ. ಆ ಕೋಲು ಎಂಥದ್ದಿರಬೇಕು ಎಂಬುದೇ ಈ ಲೇಖನದ ವಿಷಯ. ಮೊದಲೇ ಹೇಳಿಬಿಡುವುದಾದರೆ, ಎಳೆಯ ಮಕ್ಕಳ ಶಾಲೆಯನ್ನು ಅಳೆಯಬೇಕಾದ್ದು ಅಲ್ಲಿ ಮಗು ಎಷ್ಟು ಬರೆಯುತ್ತದೆ ಎಂಬುದರಿಂದಲ್ಲ, ಎಷ್ಟು ಮಾತಾಡುತ್ತದೆ ಎಂಬುದರಿಂದ.

ಒಂದು ವರ್ಷ ‘ಹಾಳಾಯಿತೇ’?

ಮೊದಲು ವಯಸ್ಸಿನ ಜಗಳವನ್ನು ನೋಡೋಣ, ಏಕೆಂದರೆ ನಮ್ಮ ಅವಸರ ಅಲ್ಲಿ ಬೆತ್ತಲಾಗಿ ಕಾಣುತ್ತದೆ. 2022ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು: 1ನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ಅಷ್ಟರಲ್ಲಿ ಸಾವಿರಾರು ಮಕ್ಕಳು ಹಳೆಯ ಲೆಕ್ಕದಲ್ಲಿ ನರ್ಸರಿ ಸೇರಿಯಾಗಿತ್ತು. ಹಾಗಾಗಿ ಜಾರಿಯನ್ನು 2025–26ಕ್ಕೆ ಮುಂದೂಡಲಾಯಿತು. ಆ ವರ್ಷ ಬಂದಾಗ ಮತ್ತೆ ಗದ್ದಲ. ಕೊನೆಗೆ 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಎಂದು ಸಡಿಲಿಸಬೇಕಾಯಿತು. ಶಿಕ್ಷಣ ಹಕ್ಕು ಕಾಯ್ದೆಯೇ ಆರರಿಂದ ಹದಿನಾಲ್ಕು ಎಂದು ಹೇಳಿರುವಾಗ ಆರರ ನಿಯಮ ಹೊಸದೇನೂ ಆಗಿರಲಿಲ್ಲ. ಹೊಸದಾಗಿ ಕೇಳಿಬಂದದ್ದು ಪಾಲಕರ ಬಾಯಲ್ಲಿ ಮತ್ತೆ ಮತ್ತೆ ಬಂದ ಒಂದು ಮಾತು: ‘ಮಗುವಿನ ಒಂದು ವರ್ಷ ಹಾಳಾಗುತ್ತದೆ.’

ಮಧ್ಯದಲ್ಲಿ ನಿಯಮ ಬದಲಾಯಿಸಿದ್ದರ ವಿರುದ್ಧದ ಸಿಟ್ಟು ನ್ಯಾಯವಾದದ್ದೇ. ಒಂದೇ ಯುಕೆಜಿಯನ್ನು ಎರಡು ಸಲ ಓದಿಸಿ ಎರಡು ಸಲ ಫೀಸು ಕಟ್ಟು ಎಂದರೆ ಯಾರು ಒಪ್ಪುತ್ತಾರೆ? ಆದರೆ ಆರು ತುಂಬುವವರೆಗೆ ಕಾದರೆ ಮಗು ಹಿಂದೆ ಬೀಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಫಿನ್ಲೆಂಡಿನ ಮಕ್ಕಳು 1ನೇ ತರಗತಿಗೆ ಕಾಲಿಡುವುದು ಏಳನೇ ವರ್ಷದಲ್ಲಿ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗೇಟ್ ಎಂಬ ಸಂಶೋಧಕರು ಐದರಲ್ಲಿ ಓದು ಕಲಿಯತೊಡಗಿದ ಮಕ್ಕಳನ್ನೂ ಏಳರಲ್ಲಿ ತೊಡಗಿದವರನ್ನೂ ಹೋಲಿಸಿ ನೋಡಿದರು. ಹನ್ನೊಂದರ ಹೊತ್ತಿಗೆ ಓದುವ ಸಾಮರ್ಥ್ಯದಲ್ಲಿ ಮೊದಲು ಹೊರಟವರಿಗೆ ಯಾವ ಮುನ್ನಡೆಯೂ ಉಳಿದಿರಲಿಲ್ಲ. ಡೆನ್ಮಾರ್ಕಿನ ಮಕ್ಕಳ ಬಗ್ಗೆ ಥಾಮಸ್ ಡೀ ಮತ್ತು ಹಾನ್ಸ್ ಹೆನ್ರಿಕ್ ಸೀವರ್ಟ್‌ಸೆನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷ ತಡವಾಗಿ ಶಾಲೆ ಸೇರಿದ ಮಕ್ಕಳಲ್ಲಿ ಚಂಚಲತೆ, ಗಮನ ನಿಲ್ಲದಿರುವ ತೊಂದರೆ ಬಹಳ ಕಡಿಮೆ ಇತ್ತು. ಹನ್ನೊಂದರ ವಯಸ್ಸಿನಲ್ಲೂ ಆ ವ್ಯತ್ಯಾಸ ಮಾಸಿರಲಿಲ್ಲ. ಕುಳಿತುಕೊಳ್ಳುವ ತಾಳ್ಮೆ, ಕೇಳಿಸಿಕೊಳ್ಳುವ ತಾಳ್ಮೆ ಇವು ವಯಸ್ಸಿನೊಂದಿಗೆ ಮಾಗುವ ಗುಣಗಳು. ಅವು ಮಾಗುವ ಮೊದಲೇ ಬೆಂಚಿನ ಮೇಲೆ ಕೂರಿಸಿದರೆ, ಪಾಠಕ್ಕಿಂತ ಮೊದಲು ಮಗು ಕಲಿಯುವುದು ‘ನನಗೆ ಆಗುವುದಿಲ್ಲ’ ಎಂಬುದನ್ನು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಆರರವರೆಗೆ ಕಾಯುವುದೆಂದರೆ ಮಗುವನ್ನು ಟಿವಿ, ಮೊಬೈಲುಗಳ ಮುಂದೆ ಕೂರಿಸಿ ಕಾಯುವುದಲ್ಲ. ಫಿನ್ಲೆಂಡಿನಲ್ಲಿ ಏಳಕ್ಕೆ ಶಾಲೆ ಶುರುವಾಗುತ್ತದೆ, ನಿಜ. ಆದರೆ ಅದಕ್ಕೆ ಮೊದಲು ತರಬೇತಾದ ಶಿಕ್ಷಕರ ಕೈಯಲ್ಲಿ ವರ್ಷಗಟ್ಟಲೆ ಆಟ, ಹಾಡು, ಕಥೆ, ಮಣ್ಣು, ನೀರು ಇರುತ್ತವೆ. ಸಂವಿಧಾನದ 45ನೇ ವಿಧಿ ಆರು ವರ್ಷದೊಳಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ಪ್ರಭುತ್ವ ಶ್ರಮಿಸಬೇಕೆಂದು ಹೇಳುತ್ತದೆ. ಅದು ಹೇಳುವ ಶಿಕ್ಷಣವೂ ಈ ಬಗೆಯದ್ದೇ ಆಗಬೇಕು. ಆದ್ದರಿಂದ ಪ್ರಶ್ನೆ ‘ಬೇಗ ಸೇರಿಸಬೇಕೋ, ತಡವಾಗಿ ಸೇರಿಸಬೇಕೋ’ ಎಂಬುದಲ್ಲ. ಸೇರಿದ ಜಾಗದಲ್ಲಿ ಮಗುವಿಗೆ ಏನು ಸಿಗುತ್ತದೆ ಎಂಬುದು.

ಕೈ ಬರೆಯುವ ಮೊದಲು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಬೇಗ ಬರೆಸುವುದರ ಪರವಾಗಿ ಹೇಳುವವರಿದ್ದಾರೆ. ಗಾದೆ ಸರಿ. ಆದರೆ ಬಗ್ಗಿಸುವುದು ಬೇರೆ, ಬೇರೂರಿಸುವುದು ಬೇರೆ. ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ ಬಡ ಕುಟುಂಬಗಳ ನಾಲ್ಕು ವರ್ಷದ ಮಕ್ಕಳಿಗಾಗಿ ಸರ್ಕಾರ ಶಾಲಾಪೂರ್ವ ತರಗತಿಗಳನ್ನು ನಡೆಸಿತು. ಸೀಟಿಗಿಂತ ಅರ್ಜಿ ಹೆಚ್ಚಾದ ಕಡೆ ಲಾಟರಿ ಎತ್ತಿದರು. ಸೀಟು ಸಿಕ್ಕವರು, ಸಿಗದವರು ಸೇರಿ ಸುಮಾರು ಮೂರು ಸಾವಿರ ಮಕ್ಕಳನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಳ ಕಾಲ ಹಿಂಬಾಲಿಸಿದರು. ತರಗತಿ ಮುಗಿದಾಗ ಸೀಟು ಸಿಕ್ಕ ಮಕ್ಕಳೇ ಮುಂದಿದ್ದರು, ಅಕ್ಷರ ಗುರುತಿಸುತ್ತಿದ್ದರು. ಪಾಲಕರು ನೋಟ್‌ಬುಕ್ ನೋಡಿ ಖುಷಿಪಡುವ ಹಂತ ಅದು. ಆದರೆ 2022ರಲ್ಲಿ ಹೊರಬಂದ ವರದಿಯಲ್ಲಿ, ಅದೇ ಮಕ್ಕಳು 6ನೇ ತರಗತಿಯ ಹೊತ್ತಿಗೆ ಸೀಟು ಸಿಗದವರಿಗಿಂತ ಓದು, ಗಣಿತ, ವಿಜ್ಞಾನ ಮೂರರಲ್ಲೂ ಹಿಂದಿದ್ದರು. ಶಿಸ್ತಿನ ದೂರುಗಳೂ ಅವರ ಮೇಲೇ ಹೆಚ್ಚಿದ್ದವು. ಒಂದು ಅಧ್ಯಯನದಿಂದ ಶಾಲಾಪೂರ್ವ ಶಿಕ್ಷಣವೇ ಕೆಟ್ಟದ್ದು ಎಂದು ತೀರ್ಮಾನಿಸಬೇಕಿಲ್ಲ. ಇತರೆಡೆ ಒಳ್ಳೆಯ ಫಲ ಕೊಟ್ಟ ಪ್ರಯೋಗಗಳೂ ಇವೆ. ತೀರ್ಮಾನಿಸಬಹುದಾದ್ದು ಇಷ್ಟೇ: ಐದನೇ ವರ್ಷದಲ್ಲಿ ಕಾಣುವ ಮುನ್ನಡೆ ಹನ್ನೊಂದನೇ ವರ್ಷದ ಮುನ್ನಡೆಗೆ ಖಾತರಿಯಲ್ಲ.

ನಮ್ಮ ದೇಶದ ಸಾಕ್ಷ್ಯವೂ ಇದಕ್ಕೆ ಹತ್ತಿರದ್ದೇ. ಅಸರ್ ಸೆಂಟರ್ ಮತ್ತು ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಸೇರಿ ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14 ಸಾವಿರ ಗ್ರಾಮೀಣ ಮಕ್ಕಳನ್ನು ನಾಲ್ಕರಿಂದ ಎಂಟನೇ ವಯಸ್ಸಿನವರೆಗೆ ಹಿಂಬಾಲಿಸಿ 2017ರಲ್ಲಿ ವರದಿ ಕೊಟ್ಟವು. ಖಾಸಗಿ ನರ್ಸರಿಗಳು 1ನೇ ತರಗತಿಯ ಪಾಠವನ್ನೇ ಕೆಳಗಿಳಿಸಿ ಕಂಠಪಾಠ ಮಾಡಿಸುತ್ತಿದ್ದವು. ಅಂಗನವಾಡಿಗಳಲ್ಲಿ ಕಲಿಕೆಯ ಚಟುವಟಿಕೆಯೇ ತೀರಾ ಕಡಿಮೆ ಇತ್ತು. ಹೀಗಾಗಿ ಎಲ್ಲಿಗೆ ಹೋಗಿದ್ದರೂ ಐದನೇ ವರ್ಷದಲ್ಲಿ ಬಹುಪಾಲು ಮಕ್ಕಳು ಶಾಲೆಗೆ ತಕ್ಕಷ್ಟು ಸಿದ್ಧರಾಗಿರಲಿಲ್ಲ. ಆಟ, ಚಟುವಟಿಕೆ, ಮಾತುಕತೆಗೆ ಜಾಗ ಕೊಟ್ಟ ಕೆಲವೇ ಕೇಂದ್ರಗಳ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಸಿದ್ಧರಾಗಿದ್ದರು. ಸರ್ಕಾರಿಯೋ ಖಾಸಗಿಯೋ ಎಂಬ ಫಲಕಕ್ಕಿಂತ ಒಳಗೆ ನಡೆಯುವುದೇ ಮುಖ್ಯ ಎಂದು ಹೇಳಲು ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಆಟದಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಹುಣಿಸೆ ಬೀಜವನ್ನು ಐದೈದರ ಗುಂಪು ಮಾಡಿ ಇಡುವ ಮಗು, ಒಂದರಿಂದ ನೂರು ಬರೆಯುವ ಮಗುವಿಗಿಂತ ಸಂಖ್ಯೆಯನ್ನು ಚೆನ್ನಾಗಿ ತಿಳಿದಿರುತ್ತದೆ. ಬರೆಯುವ ಮಗುವಿಗೆ ‘37ಕ್ಕಿಂತ 34 ದೊಡ್ಡದೋ ಚಿಕ್ಕದೋ’ ಎಂದರೆ ತಬ್ಬಿಬ್ಬಾಗಬಹುದು. ಕೇಳಿದ ಕಥೆಯನ್ನು ತನ್ನದೇ ಮಾತಿನಲ್ಲಿ ತಿರುಗಿ ಹೇಳುವ ಮಗು ಆಗಲೇ ವಾಕ್ಯ ಕಟ್ಟುವುದನ್ನು, ಮೊದಲು ಏನಾಯಿತು ಆಮೇಲೆ ಏನಾಯಿತು ಎಂದು ಜೋಡಿಸುವುದನ್ನು ಅಭ್ಯಾಸ ಮಾಡುತ್ತಿದೆ. ಮುಂದೆ ಪ್ರಬಂಧ ಬರೆಯುವಾಗ ಬೇಕಾಗುವುದು ಇದೇ. ಚಪಾತಿ ಹಿಟ್ಟು ನಾದುವುದು, ಮಣಿ ಪೋಣಿಸುವುದು, ರಂಗೋಲಿ ಪುಡಿಯನ್ನು ಬೆರಳ ಸಂದಿಯಿಂದ ಬಿಡುವುದು ಬೆರಳುಗಳಿಗೆ ಕೊಡುವ ಹಿಡಿತವನ್ನು ಕಾಪಿ ರೈಟಿಂಗ್ ಪುಸ್ತಕ ಕೊಡಲಾರದು. ಮೂರು–ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನ ಮೂಳೆಗಳೇ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ನಮ್ಮ ಅಕ್ಷರಾಭ್ಯಾಸದ ಶಾಸ್ತ್ರದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತೇವೆ. ಆ ಕೈಗೆ ಪೆನ್ಸಿಲ್ಲಿಗಿಂತ ಅದೇ ಹಿತ. ಶಾಸ್ತ್ರ ಮುಗಿದ ಮರುದಿನವೇ ನಾಲ್ಕು ಗೆರೆಯ ಪುಸ್ತಕ ಕೊಡುವುದು ನಮ್ಮ ಕಾಲದ ಸೇರ್ಪಡೆ.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೇ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ. ಬೆಂಗಳೂರಿನಲ್ಲಿ ಮಕ್ಕಳ ಓದಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿರುವ ಸೊನಾಲಿ ನಾಗ್ ಅವರ ಸಂಶೋಧನೆ, ಕನ್ನಡದ ಅಕ್ಷರಗಳ ಮೇಲೆ ಮಕ್ಕಳಿಗೆ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು ಎಂದು ತೋರಿಸಿತು. ಇಂಗ್ಲಿಷಿನಲ್ಲಿ 26 ಅಕ್ಷರವಾದರೆ ಇಲ್ಲಿ ಕಾಗುಣಿತವೇ ನೂರಾರು ರೂಪಗಳಾಗುತ್ತದೆ, ಒತ್ತಕ್ಷರ ಬೇರೆ. 2ನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ದಡ್ಡತನವಲ್ಲ, ಲಿಪಿಯ ಸ್ವಭಾವ. ಇದನ್ನು ತಿಳಿಯದ ಪಾಲಕರು ‘ಇಂಗ್ಲಿಷ್ ಬೇಗ ಬಂತು, ಕನ್ನಡ ಬರುತ್ತಿಲ್ಲ’ ಎಂದುಕೊಳ್ಳುತ್ತಾರೆ. ಬೇಗ ಬಂದದ್ದು ಅಕ್ಷರಮಾಲೆ, ಓದಲ್ಲ. 2003ರಲ್ಲಿ ಫಿಲಿಪ್ ಸೆಮೋರ್ ಮತ್ತು ಸಂಗಡಿಗರು ಯುರೋಪಿನ ಹದಿಮೂರು ಭಾಷೆಗಳ ಮಕ್ಕಳನ್ನು ಹೋಲಿಸಿದಾಗ, ಮೊದಲ ವರ್ಷದ ಕೊನೆಗೆ ಹೆಚ್ಚಿನ ಭಾಷೆಗಳ ಮಕ್ಕಳು ಪರಿಚಿತ ಪದಗಳನ್ನು ಬಹುಮಟ್ಟಿಗೆ ತಪ್ಪಿಲ್ಲದೆ ಓದುತ್ತಿದ್ದರು. ಮನೆಮಾತೇ ಇಂಗ್ಲಿಷ್ ಆಗಿದ್ದ ಸ್ಕಾಟ್ಲೆಂಡಿನ ಮಕ್ಕಳು ಸರಿಯಾಗಿ ಓದಿದ್ದು ಮೂರರಲ್ಲಿ ಒಂದು ಪದವನ್ನು. ಹೇಳುವುದೊಂದು, ಬರೆಯುವುದೊಂದು ಆಗಿರುವ ಆ ಕಾಗುಣಿತ ಅವರಿಗೇ ಅಷ್ಟು ಕಷ್ಟವಾದರೆ, ಮನೆಯಲ್ಲಿ ಇಂಗ್ಲಿಷ್ ಕೇಳದ ನಮ್ಮ ಮಗು ಯುಕೆಜಿಯಲ್ಲಿ ‘ಓದುವುದು’ ಬಹುಪಾಲು ನೆನಪಿನಿಂದ ಒಪ್ಪಿಸುವುದೇ ಇರಬೇಕು.

ಇಂಗ್ಲಿಷ್ ಎಂಬ ಏಣಿ

ಇಲ್ಲಿಗೆ ಬಂದಾಗ ಓದುಗರಲ್ಲಿ ಹಲವರು ತಡೆಯುತ್ತಾರೆ, ತಡೆಯಲೂ ಬೇಕು. ‘ಕನ್ನಡ ಮಾಧ್ಯಮದ ಪಾಠ ಹೇಳುವವರ ಮಕ್ಕಳು ಎಲ್ಲಿ ಓದುತ್ತಾರೆ? ಭಾಷೆ ಉಳಿಸುವ ಹೊಣೆ ಬಡವರ, ದಲಿತರ ಮಕ್ಕಳ ಮೇಲಷ್ಟೇ ಏಕೆ?’ ಈ ಪ್ರಶ್ನೆಯಲ್ಲಿ ಹುಸಿಯೇನೂ ಇಲ್ಲ. ಇಂಗ್ಲಿಷ್ ಬಲ್ಲವರಿಗೆ ಕೆಲಸದ ಬಾಗಿಲು ತೆರೆಯುತ್ತದೆ, ಬಾರದವರು ಸಂದರ್ಶನದ ಕೋಣೆಯಲ್ಲಿ ತಲೆ ತಗ್ಗಿಸುತ್ತಾರೆ. ಕಾನೂನಿನ ಮಟ್ಟದಲ್ಲೂ ಈ ವಾದ ಗೆದ್ದಿದೆ. 1994ರ ಭಾಷಾ ನೀತಿಯ ಮೂಲಕ ಕರ್ನಾಟಕ ಸರ್ಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವನ್ನು ಮಾಧ್ಯಮವಾಗಿ ಕಡ್ಡಾಯ ಮಾಡಲು ಹೊರಟಿತು. ಎರಡು ದಶಕದ ವ್ಯಾಜ್ಯದ ನಂತರ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನದು, ಅದರ ಪರವಾಗಿ ಪಾಲಕರದು ಎಂದು ಹೇಳಿತು. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರಲ್ಲಿ ಕೊಟ್ಟ ವರದಿ ಮತ್ತೆ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಎಂದಿದೆ. ಆದರೆ ಕೋರ್ಟಿನ ತೀರ್ಪು ಇರುವವರೆಗೆ ಕೊನೆಯ ಮಾತು ಪಾಲಕರದೇ. ಆರಿಸುವ ಹಕ್ಕು ಕೈಗೆ ಬಂದಿದೆ ಎಂದ ಮಾತ್ರಕ್ಕೆ ಏನನ್ನು ಆರಿಸಬೇಕು ಎಂಬ ಪ್ರಶ್ನೆ ಬಗೆಹರಿಯುವುದಿಲ್ಲ, ಅಷ್ಟೇ.

ಏಣಿ ಬೇಕು ಎಂಬುದರಲ್ಲಿ ತಕರಾರಿಲ್ಲ. ಇಂಗ್ಲಿಷಿನಲ್ಲಿ ಕಲಿಸಿದರೆ ಇಂಗ್ಲಿಷ್ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಪಕ್ಕದ ಆಂಧ್ರದಿಂದ ಬಂದ ಉತ್ತರ ಗಮನಿಸಬೇಕಾದ್ದು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 180 ಹಳ್ಳಿಗಳಲ್ಲಿ, ಸರ್ಕಾರಿ ಶಾಲೆಯ ಮಕ್ಕಳಲ್ಲಿ ಲಾಟರಿ ಎತ್ತಿ ಆಯ್ಕೆಯಾದವರಿಗೆ ಖಾಸಗಿ ಶಾಲೆಯ ಖರ್ಚು ಕೊಡುವ ಪ್ರಯೋಗವನ್ನು ಅಧ್ಯಯನ ಮಾಡಿದರು. ನಾಲ್ಕು ವರ್ಷದ ನಂತರ ತೆಲುಗು, ಗಣಿತ, ಇಂಗ್ಲಿಷ್, ಪರಿಸರದಂಥ ವಿಷಯಗಳಲ್ಲಿ ಖಾಸಗಿಗೆ ಹೋದವರಿಗೂ ಹೋಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮುಂದಿದ್ದದ್ದು ಸರ್ಕಾರಿ ಶಾಲೆಯಲ್ಲಿ ಕಲಿಸದೇ ಇದ್ದ ಹಿಂದಿಯಲ್ಲಿ ಮಾತ್ರ. ಖಾಸಗಿ ಶಾಲೆಗಳು ತಲಾ ಮಗುವಿಗೆ ಸರ್ಕಾರಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಇದನ್ನು ಸಾಧಿಸಿದ್ದವು ಎಂಬುದನ್ನೂ ಹೇಳಬೇಕು. ಅದು ಅವುಗಳ ಹೆಚ್ಚುಗಾರಿಕೆ. ಆದರೆ ಖಾಸಗಿಗೆ ಹೋದವರಲ್ಲೇ ತೆಲುಗು ಮಾಧ್ಯಮಕ್ಕೆ ಸೇರಿದವರು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವರಿಗಿಂತ ಗಣಿತದಂಥ ವಿಷಯಗಳಲ್ಲಿ ಚೆನ್ನಾಗಿ ಕಲಿತ ಸೂಚನೆ ಆ ಅಧ್ಯಯನದಲ್ಲಿ ಇತ್ತು. ಅರ್ಥವಾಗದ ಭಾಷೆಯಲ್ಲಿ ಗಣಿತ ಹೇಳಿಕೊಟ್ಟರೆ ಕೆಲವೊಮ್ಮೆ ಗಣಿತವೂ ಬರುವುದಿಲ್ಲ, ಭಾಷೆಯೂ ಬರುವುದಿಲ್ಲ.

ಕಾರಣ ಸರಳ. ಭಾಷೆ ಬರುವುದು ಆ ಭಾಷೆಯನ್ನು ಚೆನ್ನಾಗಿ ಆಡುವವರೊಂದಿಗೆ ಆಡಿ. ಇಂಗ್ಲಿಷ್ ಸರಾಗವಾಗಿ ಬಾರದ ಟೀಚರ್, ಇಂಗ್ಲಿಷ್ ಬಾರದ ಮಕ್ಕಳಿಗೆ, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಸುವಾಗ ತರಗತಿಯಲ್ಲಿ ಉಳಿಯುವುದು ಒಂದೇ ಕ್ರಮ: ಟೀಚರ್ ಹೇಳುತ್ತಾರೆ, ಮಕ್ಕಳು ಒಕ್ಕೊರಲಿನಿಂದ ತಿರುಗಿ ಹೇಳುತ್ತಾರೆ, ಆಮೇಲೆ ಬೋರ್ಡಿನಿಂದ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಪ್ರಶ್ನೆ ಕೇಳಬೇಕೆಂದರೆ ಮಗುವಿಗೆ ಮಾತಿಲ್ಲ. ಕನ್ನಡದಲ್ಲಿ ಕೇಳಿದರೆ ಗದರಿಕೆ, ಕೆಲವು ಕಡೆ ದಂಡ. ಮನೆಯಲ್ಲಿ ಗಂಟೆಗೆ ನೂರು ಪ್ರಶ್ನೆ ಕೇಳುವ ಮಗು ಶಾಲೆಯಲ್ಲಿ ಮೂಕವಾಗುತ್ತದೆ, ಅದಕ್ಕೆ ನಾವು ‘ಡಿಸಿಪ್ಲಿನ್’ ಎಂದು ಹೆಸರಿಟ್ಟು ಮೆಚ್ಚುತ್ತೇವೆ. ಮಾತೃಭಾಷೆಯಲ್ಲಿ ಆರಂಭಿಕ ಶಿಕ್ಷಣ ಇರಬೇಕೆಂದು ಯುನೆಸ್ಕೊ 1953ರಲ್ಲೇ ಹೇಳಿದ್ದರ ಹಿಂದಿರುವುದು ಭಾಷಾಭಿಮಾನವಲ್ಲ, ಈ ಮೂಕತನದ ಭಯ.

ಹಾಗೆಂದು ‘ಮಾತೃಭಾಷೆ ಎಂದರೆ ಕನ್ನಡ’ ಎಂದು ಬಿಡುವುದೂ ತಪ್ಪೇ. ತಾಂಡಾದ ಮಗು ಲಂಬಾಣಿ ಆಡುತ್ತದೆ, ಮಂಗಳೂರಿನದು ತುಳು ಅಥವಾ ಬ್ಯಾರಿ, ಕಲಬುರಗಿಯ ಓಣಿಯದು ಉರ್ದು, ಬೆಂಗಳೂರಿನ ಅಪಾರ್ಟ್‌ಮೆಂಟಿನದು ಮೂರು ಭಾಷೆ ಬೆರೆಸಿದ್ದು. ಅಪ್ಪ–ಅಮ್ಮ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡುವ ಮನೆಯ ಮಗುವಿಗೆ ಇಂಗ್ಲಿಷ್ ಮಾಧ್ಯಮ ಹೊರೆಯಾಗಲಾರದು. ಆದ್ದರಿಂದ ಅಳತೆಗೋಲು ಭಾಷೆಯ ಹೆಸರಲ್ಲ. ಮಗುವಿಗೆ ಬರುವ ಮಾತಿಗೆ ಆ ತರಗತಿಯಲ್ಲಿ ಜಾಗವಿದೆಯೇ ಎಂಬುದು. ಅದಿದ್ದರೆ ಇಂಗ್ಲಿಷನ್ನು ಹಾಡು, ಕಥೆ, ಆಟಗಳಲ್ಲಿ ಮೊದಲ ದಿನದಿಂದಲೇ ಕಿವಿಗೆ ಹಾಕುವುದರಿಂದ ನಷ್ಟವೇನಿಲ್ಲ. 2007–08ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ 1ನೇ ತರಗತಿಯಿಂದಲೇ ಒಂದು ವಿಷಯವಾಗಿದೆ. ಅದನ್ನು ಚೆನ್ನಾಗಿ ಕಲಿಸುತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ಸರ್ಕಾರಕ್ಕೆ ಗಟ್ಟಿಯಾಗಿ ಕೇಳಬೇಕು. ಬಡವರ ಏಣಿಯ ವಾದಕ್ಕೆ ಸಲ್ಲಬೇಕಾದ ಉತ್ತರ ಒಳ್ಳೆಯ ಇಂಗ್ಲಿಷ್ ಪಾಠ. ‘ಇಂಗ್ಲಿಷ್ ಮಾಧ್ಯಮ’ ಎಂಬ ಬೋರ್ಡು ಹಾಕಿದ ಮಾತ್ರಕ್ಕೆ ಆ ಉತ್ತರ ಕೊಟ್ಟಂತಾಗುವುದಿಲ್ಲ.

ಸೀಟಿನ ಭಯ, ಅಂಗನವಾಡಿಯ ಪಾಡು

ಇನ್ನೊಂದು ಆಕ್ಷೇಪ ವ್ಯಾವಹಾರಿಕವಾದದ್ದು. ‘ಇದೆಲ್ಲ ಸರಿ, ಆದರೆ ಆ ಶಾಲೆಯಲ್ಲಿ ಎಲ್‌ಕೆಜಿಗೆ ಸೇರಿಸದಿದ್ದರೆ 1ನೇ ತರಗತಿಗೆ ಸೀಟೇ ಸಿಗುವುದಿಲ್ಲ.’ ನಗರಗಳ ಹೆಸರಾಂತ ಶಾಲೆಗಳ ಮಟ್ಟಿಗೆ ಇದು ನಿಜವೂ ಹೌದು. ಈ ಭಯವೇ ಮೂರು ವರ್ಷದ ಮಗುವನ್ನು ‘ಇಂಟರಾಕ್ಷನ್’ಗೆ ಸಿದ್ಧಗೊಳಿಸುವ ವ್ಯವಹಾರವನ್ನು ಹುಟ್ಟಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಡೊನೇಷನ್ನನ್ನೂ, ಪ್ರವೇಶದ ಹೊತ್ತಿನಲ್ಲಿ ಮಗುವನ್ನಾಗಲಿ ಪಾಲಕರನ್ನಾಗಲಿ ಜರಡಿ ಹಿಡಿಯುವುದನ್ನೂ ನಿಷೇಧಿಸಿದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಎಳೆಯ ಮಕ್ಕಳ ಮೇಲಿನ ಈ ಒತ್ತಡದ ಬಗೆಗಿನ ಕಾಳಜಿ ಹೊಸದೂ ಅಲ್ಲ. ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ ನಾಮನಿರ್ದೇಶಿತ ಸದಸ್ಯರಾಗಿ ರಾಜ್ಯಸಭೆಯಲ್ಲಿ ಆಡಿದ ಮೊದಲ ಭಾಷಣದ ವಿಷಯ ಶಾಲಾ ಬ್ಯಾಗಿನ ಭಾರ. ಆ ಚರ್ಚೆಯ ಬೆನ್ನಿಗೆ ನೇಮಕವಾದ ವಿಜ್ಞಾನಿ ಯಶಪಾಲ್ ಸಮಿತಿ 1993ರಲ್ಲಿ, ಎಳೆಯ ಮಕ್ಕಳ ಮೇಲೆ ಓದು–ಬರಹ–ಲೆಕ್ಕವನ್ನು ಹೇರುವುದನ್ನು ಹಿಂಸೆ ಎಂದೇ ಕರೆದು, ನರ್ಸರಿ ಪ್ರವೇಶದ ಪರೀಕ್ಷೆ, ಸಂದರ್ಶನಗಳನ್ನು ರದ್ದು ಮಾಡಲು ಹೇಳಿತ್ತು. ಮೂರು ದಶಕದ ನಂತರವೂ ಅದು ನಿಲ್ಲದಿರುವುದಕ್ಕೆ ಒಂದು ಕಾರಣ ನಾವೇ: ಶಾಲೆ ಮಗುವನ್ನು ಜರಡಿ ಹಿಡಿದಷ್ಟೂ ನಮಗೆ ಆ ಶಾಲೆ ದೊಡ್ಡದಾಗಿ ಕಾಣುತ್ತದೆ.

ಸೀಟಿನ ಭಯದಿಂದ ಸೇರಿಸಲೇಬೇಕಾದರೆ ಸೇರಿಸಿ, ಆದರೆ ಆ ಭಯವನ್ನು ಶೈಕ್ಷಣಿಕ ಕಾರಣವೆಂದು ತಪ್ಪು ತಿಳಿಯಬೇಕಿಲ್ಲ. ಆಗ ಕನಿಷ್ಠ ಸಂಜೆಯ ಟ್ಯೂಷನ್ನಾದರೂ ತಪ್ಪುತ್ತದೆ. ಇನ್ನು ಊರಿನ ಬಹುಪಾಲು ಮನೆಗಳಿಗೆ ಇಂಥ ಆಯ್ಕೆಯೇ ಇಲ್ಲ. ಅವರ ಮುಂದಿರುವುದು ಬೀದಿಯ ಅಂಗನವಾಡಿ ಮತ್ತು ವ್ಯಾನ್ ಕಳಿಸುವ ಕಾನ್ವೆಂಟು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದರ ಮೊದಲ ನೆಲ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಅಂಗನವಾಡಿಯಲ್ಲಿ ‘ಏನೂ ಹೇಳಿಕೊಡುವುದಿಲ್ಲ’ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಆದರೆ ಅಲ್ಲಿನ ಕಾರ್ಯಕರ್ತೆಯ ದಿನಚರಿ ನೋಡಿದರೆ ಕಾರಣ ತಿಳಿಯುತ್ತದೆ. ಪೌಷ್ಟಿಕ ಆಹಾರ, ಲಸಿಕೆ, ತೂಕ, ಗರ್ಭಿಣಿ–ಬಾಣಂತಿಯರ ಬಿಸಿಯೂಟ, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಸಮೀಕ್ಷೆಗಳು, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತು ಮಕ್ಕಳ ಪಾಲು. ‘ಚಿಲಿಪಿಲಿ’ ಎಂಬ ಒಳ್ಳೆಯ ಚಟುವಟಿಕೆಗಳ ಪಠ್ಯಕ್ರಮ ಅವರ ಕೈಯಲ್ಲಿದೆ, ನಡೆಸಲು ಪುರುಸೊತ್ತು ಇಲ್ಲ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿಗಳು ಖಾಲಿಯಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದದ್ದು, ಬಳಿಕ 2024ರಲ್ಲಿ ಕೆಲವು ಕೇಂದ್ರಗಳು ‘ಸರ್ಕಾರಿ ಮಾಂಟೆಸರಿ’ಯಾದದ್ದು ಈಚಿನ ಇತಿಹಾಸ. ಹೆಸರು ಬದಲಾದರೆ ಸಾಲದು. ಕಲಿಸಲೆಂದೇ ಇನ್ನೊಂದು ಕೈ ಬೇಕು. ಪಾಲಕರು ಕೇಳಬೇಕಾದ್ದು ಅದನ್ನು.

ಒಳ್ಳೆಯದನ್ನು ಮಾಡಲು ನಮಗೆ ಬರುವುದಿಲ್ಲ ಎಂದೇನೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದು ‘ನಲಿ–ಕಲಿ’ಯನ್ನು ಕಟ್ಟಿದರು. ನೆಲದ ಮೇಲೆ ಗುಂಪು, ಕೈಯಲ್ಲಿ ಕಾರ್ಡು, ಪ್ರತಿ ಮಗುವಿಗೂ ತನ್ನದೇ ವೇಗ, 1ರಿಂದ 3ನೇ ತರಗತಿಯವರಿಗೆ ಪರೀಕ್ಷೆಯ ಹೆದರಿಕೆ ಇಲ್ಲ. 2009–10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಎಲ್ಲ ಕಡೆ ಅದು ಮೂಲದ ಹುರುಪಿನಲ್ಲಿ ಉಳಿದಿಲ್ಲ. ಕಾರ್ಡುಗಳು ಬೀರುವಿನಲ್ಲಿ ಕುಳಿತ ಶಾಲೆಗಳೂ ಇವೆ. ಆದರೂ ದುಬಾರಿ ಶಾಲೆಗಳು ಇಂದು ‘ಆಕ್ಟಿವಿಟಿ ಬೇಸ್ಡ್’ ಎಂದು ಜಾಹೀರಾತು ಕೊಡುವುದನ್ನು ಮೈಸೂರು ಜಿಲ್ಲೆಯ ಕಾಡಂಚಿನ ಸರ್ಕಾರಿ ಶಾಲೆಗಳು ಅಷ್ಟು ಮೊದಲೇ ಮಾಡಿದ್ದವು. ಅದನ್ನು ಬಿಟ್ಟು ಹೊರಟ ಪಾಲಕರು ಕೊಡುತ್ತಿದ್ದ ಕಾರಣ ಮಾತ್ರ ನೆನಪಿಡುವಂಥದ್ದು: ‘ಅಲ್ಲಿ ಬರೀ ಆಟ, ಹೋಂವರ್ಕ್ ಕೊಡುವುದಿಲ್ಲ.’

ಹತ್ತು ನಿಮಿಷ ಕಿವಿಗೊಟ್ಟರೆ

ಹಾಗಾದರೆ ಶಾಲೆ ನೋಡಲು ಹೋದಾಗ ಏನು ನೋಡಬೇಕು? ಕಚೇರಿಯಲ್ಲಿ ಕೂತು ಬಣ್ಣದ ಪುಸ್ತಿಕೆ ಓದುವ ಬದಲು ಎಲ್‌ಕೆಜಿ ಕೋಣೆಯ ಹೊರಗೆ ಹತ್ತು ನಿಮಿಷ ನಿಲ್ಲಲು ಬಿಡುತ್ತಾರೆಯೇ ಎಂದು ಕೇಳಿ. ಬಿಟ್ಟರೆ ಕಿವಿಗೊಡಿ. ಕೇಳುವುದು ಒಂದೇ ದನಿಯೋ, ಹಲವೋ? ಒಕ್ಕೊರಲಿನ ಒಪ್ಪಿಸುವಿಕೆಯೋ, ಒಂದೊಂದು ಮಗುವಿನ ಬೇರೆ ಬೇರೆ ಮಾತೋ? ಮಗು ತಪ್ಪು ಹೇಳಿದಾಗ ಟೀಚರ್ ‘ಯಾಕೆ ಹಾಗಂದೆ?’ ಎನ್ನುತ್ತಾರೋ, ಮುಂದಿನವನತ್ತ ಬೆರಳು ತೋರುತ್ತಾರೋ? ಒಬ್ಬ ಟೀಚರಿಗೆ ಎಷ್ಟು ಮಕ್ಕಳು ಎಂದು ಎಣಿಸಿ. ಖಾಸಗಿ ಪ್ಲೇ ಸ್ಕೂಲುಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಹೇಳಿದ್ದು ಇಪ್ಪತ್ತಕ್ಕೆ ಒಬ್ಬರು. ಹೋದ ವರ್ಷ ಇದ್ದ ಟೀಚರ್ ಈ ವರ್ಷವೂ ಇದ್ದಾರೆಯೇ ಎಂದು ವಿಚಾರಿಸಿ. ವರ್ಷಕ್ಕೊಮ್ಮೆ ಟೀಚರ್ ಬದಲಾಗುವ ಶಾಲೆಯಲ್ಲಿ ಸಂಬಳವೂ ಸರಿಯಿಲ್ಲ, ಮಗುವಿನ ನಂಟೂ ನಿಲ್ಲುವುದಿಲ್ಲ. ಗೋಡೆಯ ಚಿತ್ರಗಳು ಎಲ್ಲವೂ ಒಂದೇ ಥರದ ಸೇಬುಗಳೋ, ಸೊಟ್ಟ ಸೊಟ್ಟ ಬೇರೆ ಬೇರೆ ಮರಗಳೋ ಎಂದು ನೋಡಿ. ವ್ಯಾನಿನಲ್ಲಿ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ. ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ತೂಕಡಿಸುವ ನಾಲ್ಕು ವರ್ಷದ ಮಗುವಿನ ಆಟ, ನಿದ್ದೆ, ಅಜ್ಜಿಯ ಕಥೆಗಳಿಂದಲೇ ಆ ಎರಡು ಗಂಟೆ ಕಳೆದುಹೋಗುತ್ತದೆ. ಬೋರ್ಡು ಸಿಬಿಎಸ್‌ಇಯೋ, ಐಸಿಎಸ್‌ಇಯೋ, ಸ್ಟೇಟೋ ಎಂಬುದು ಈ ವಯಸ್ಸಿಗೆ ಸಂಬಂಧಪಟ್ಟದ್ದೇ ಅಲ್ಲ.

ಕೂಲಿಗೆ ಹೋಗುವ ಅಮ್ಮನಿಗೆ, ಶಿಫ್ಟಿನಲ್ಲಿ ದುಡಿಯುವ ಅಪ್ಪನಿಗೆ ಇಷ್ಟೆಲ್ಲ ನೋಡಲು ಸಮಯವೆಲ್ಲಿ ಎಂಬ ಮಾತು ಉಳಿಯುತ್ತದೆ. ಅವರ ಪಾಲಿಗೆ ಆಯ್ಕೆ ಎಂಬುದೇ ಬಹುಪಾಲು ಬಾಯಿಮಾತು, ಹಾಗಾಗಿ ಹತ್ತಿರದ ಅಂಗನವಾಡಿ, ಹತ್ತಿರದ ಶಾಲೆ ಚೆನ್ನಾಗಿರುವುದು ಸರ್ಕಾರದ ಹೊಣೆ. ರಾಜ್ಯ ಶಿಕ್ಷಣ ಹಕ್ಕು ಕಾಯ್ದೆಯಡಿಯ ತನ್ನ ನಿಯಮವನ್ನು ಬದಲಿಸಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಉಚಿತ ಸೀಟು ಇಲ್ಲ ಎಂದು ಮಾಡಿದ 2019ರ ನಂತರವಂತೂ ಆ ಹೊಣೆ ಇನ್ನಷ್ಟು ಭಾರವಾಗಿದೆ. ಇಷ್ಟಾದರೂ ಅಳತೆಗೋಲು ಬದಲಾಯಿಸಲು ಯಾವ ಖರ್ಚೂ ಇಲ್ಲ. ಸಂಜೆ ಬ್ಯಾಗು ತೆರೆಯುವ ಮೊದಲು ‘ಇವತ್ತು ಏನು ಬರೆದೆ?’ ಎನ್ನುವ ಬದಲು ‘ಇವತ್ತು ಮಿಸ್‌ಗೆ ಏನು ಕೇಳಿದೆ?’ ಎಂದು ಕೇಳಬಹುದು. ತಿಂಗಳುಗಟ್ಟಲೆ ಆ ಪ್ರಶ್ನೆಗೆ ಉತ್ತರ ಬರದಿದ್ದರೆ, ನೋಟ್‌ಬುಕ್ಕಿನಲ್ಲಿ ಎಷ್ಟು ನಕ್ಷತ್ರ ಇದ್ದರೂ ಶಾಲೆಯ ಬಗ್ಗೆ ಯೋಚಿಸುವ ಕಾಲ ಬಂದಿದೆ ಎಂದೇ ಅರ್ಥ.